ಐದು ಗಂಟೆ ಎಂಟು ನಿಮಿಷ

ಸೂಲಿಬೆಲೆ ಕಡೆಯ ಸಬ್‌ಸ್ಟೇಷನ್ನಿನಲ್ಲಿ ಆಪರೇಟರ್ ಆಗಿದ್ದ ಚಿನ್ನಸ್ವಾಮಿಯವರಿಗೆ ಊರಿನಲ್ಲಿ ಗೌರವವಿತ್ತು, ಗೆಳೆಯರಿರಲಿಲ್ಲ. ಎರಡಕ್ಕೂ ಕಾರಣ ಅವರ ಕೈಗಡಿಯಾರ. ಐದು ಗಂಟೆಗೆ ಕರೆಂಟ್ ತೆಗೆಯಬೇಕೆಂದು ಆರ್ಡರ್ ಇದ್ದರೆ ಅವರು ಐದಕ್ಕೆ ತೆಗೆಯುತ್ತಿದ್ದರು. ಒಂದು ನಿಮಿಷ ಮುಂಚೆಯೂ ಇಲ್ಲ, ಒಂದು ನಿಮಿಷ ತಡವೂ ಇಲ್ಲ. ಬೇರೆಯವರ ಊರಿಗೆ ಮಾತ್ರ ಹೀಗೆ ಮಾಡಿದ್ದರೆ ಜನ ಅದನ್ನು ಪ್ರಾಮಾಣಿಕತೆ ಎನ್ನುತ್ತಿದ್ದರೇನೋ. ಸ್ವಂತ ಊರಾದ ಚಿಕ್ಕಬೈರೇನಹಳ್ಳಿಗೂ ಹಾಗೆಯೇ ಮಾಡುತ್ತಿದ್ದುದರಿಂದ ಅದಕ್ಕೆ ಬೇರೆ ಹೆಸರುಗಳಿದ್ದವು.

ಪಕ್ಕದ ಮನೆಯ ಅಪ್ಪಯ್ಯಣ್ಣನಿಗೆ ಒಂದೂವರೆ ಎಕರೆ ಹಿಪ್ಪುನೇರಳೆ ತೋಟ. ಊರಿಗೆ ಹಗಲಿನ ಕರೆಂಟ್ ಮಧ್ಯಾಹ್ನ ಎರಡರಿಂದ ಐದರವರೆಗೆ ಮೂರೇ ಗಂಟೆ. ಆ ಮೂರು ಗಂಟೆಯಲ್ಲಿ ಅವನ ಬೋರ್‌ವೆಲ್ಲು ಎಷ್ಟು ಎತ್ತಿದರೂ ಕೊನೆಯ ಎರಡು ಸಾಲಿಗೆ ನೀರು ಮುಟ್ಟುತ್ತಿರಲಿಲ್ಲ. ಅಪ್ಪಯ್ಯಣ್ಣ ಮನೆಗೆ ಫೋನ್ ಹಾಕಿಸಿದ್ದ. ಹಾಕಿಸಿದ್ದೇ ಇದಕ್ಕೆ ಎನ್ನುವವರೂ ಇದ್ದರು. ದಿನ ಬಿಟ್ಟು ದಿನ ಸ್ಟೇಷನ್ನಿಗೆ ಅವನ ಫೋನ್ ಬರುತ್ತಿತ್ತು.

“ಇನ್ನೊಂದೈದು ನಿಮಿಷ ಬಿಡಪ್ಪಾ ಚಿನ್ನಸ್ವಾಮಿ. ಎರಡೇ ಸಾಲು.”

“ಆಗಲ್ಲ ಅಪ್ಪಯ್ಯಣ್ಣ.”

ಒಂಬತ್ತು ವರ್ಷದಲ್ಲಿ ಈ ಮಾತುಕತೆಯಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಅದಕ್ಕೂ ಮುಂಚೆ ಚಿನ್ನಸ್ವಾಮಿಯವರು ಹದಿನಾಲ್ಕು ವರ್ಷ ಲೈನ್‌ಮ್ಯಾನ್ ಆಗಿದ್ದವರು. ಕಂಬದ ಮೇಲಿನ ತಂತಿಗೆ ಕೊಕ್ಕೆ ಹಾಕಿ ಕರೆಂಟ್ ಕದಿಯುವವರ ಕೊಕ್ಕೆಗಳನ್ನು ಕಿತ್ತು ಕಿತ್ತು ಅವರ ಕೈ ಪಳಗಿತ್ತು. ಕೊನೆಗೆ ಹಾಗೆಯೇ ಒಂದು ಕೊಕ್ಕೆ ಕೀಳಲು ಹೋಗಿ ಕಂಬದಿಂದ ಬಿದ್ದು ಮೊಣಕಾಲು ಮುರಿದುಕೊಂಡರು. ಅಲ್ಲಿಂದ ಮುಂದೆ ಅವರನ್ನು ಸ್ಟೇಷನ್ನಿನ ಕುರ್ಚಿಗೆ ಹಾಕಿದರು. ಸುತ್ತಲ ಹಳ್ಳಿಗಳಲ್ಲಿ ಆ ವಾರ ಯಾರೂ ಹೆಚ್ಚು ದುಃಖಪಟ್ಟಂತೆ ಕಾಣಲಿಲ್ಲ.

ಅವರು ಕಿತ್ತ ಕೊಕ್ಕೆಗಳಲ್ಲಿ ಹೆಸರಾದದ್ದು ಅನುಗೊಂಡನಹಳ್ಳಿಯದು. ಹೆಂಡತಿ ಮುನಿರತ್ನಮ್ಮನ ತಮ್ಮನ ಮದುವೆ. ಚಪ್ಪರದ ತುಂಬ ಬಣ್ಣದ ಸೀರಿಯಲ್ ಲೈಟು. ಊಟಕ್ಕೆ ಕೂರುವ ಮುಂಚೆ ಕೈ ತೊಳೆಯಲು ಹಿತ್ತಲಿಗೆ ಹೋದ ಚಿನ್ನಸ್ವಾಮಿಯವರು ತಲೆಯೆತ್ತಿ ತಂತಿ ನೋಡಿದರು. ಮಾವನ ಮನೆಯ ಕೊಕ್ಕೆ. ತೊಳೆದ ಕೈಯಲ್ಲೇ ಒಂದು ಗಳ ಹುಡುಕಿ ಕಿತ್ತು ಹಾಕಿದರು. ಉಳಿದ ಶಾಸ್ತ್ರಗಳೆಲ್ಲ ಪೆಟ್ರೋಮ್ಯಾಕ್ಸ್ ಬೆಳಕಿನಲ್ಲಿ ನಡೆದವು.

ಆ ಬೆಳಕಿನಲ್ಲಿ ಹೆಣ್ಣನ್ನು ಹಸೆಗೆ ಕರೆಯುವ ಸೋಬಾನೆ ಹಾಡಿದವರು ಮುನಿರತ್ನಮ್ಮ. ಅವರ ತಾಯಿ ಬೈರಮ್ಮನಿಂದ ಬಂದ ಹಾಡು. ಪ್ರತಿ ನುಡಿಯ ನಾಲ್ಕನೆಯ ಸಾಲಿನಲ್ಲಿ ಒಂದು ಎಳೆತವಿತ್ತು, ಮೇಲಕ್ಕೆ ಹೋಗಿ ಅಲ್ಲೇ ನಿಲ್ಲುವಂಥದ್ದು. ಮುನಿರತ್ನಮ್ಮ ಅಂದು ಗಂಡನನ್ನೇ ದಿಟ್ಟಿಸಿ ನೋಡುತ್ತ, ಮೈಯೆಲ್ಲ ಉರಿಯುವ ಸಿಟ್ಟಿನಲ್ಲಿ ಆ ಎಳೆತವನ್ನು ಎತ್ತಿದರು. ಚಿನ್ನಸ್ವಾಮಿಯವರಿಗೆ ಎದೆ ತುಂಬಿ ಬಂತು. ಅಷ್ಟು ಚೆನ್ನಾದ ಹಾಡನ್ನು ಅವರು ಅದುವರೆಗೆ ಕೇಳಿರಲಿಲ್ಲ. ಹೇಳೋಣವೆಂದರೆ ಮುನಿರತ್ನಮ್ಮ ಆಮೇಲೆ ಮೂರು ತಿಂಗಳು ಮಾತಾಡಲಿಲ್ಲ. ಮಾತು ಶುರುವಾದ ಮೇಲೆ ಆ ಮದುವೆಯ ವಿಷಯ ಎತ್ತುವುದು ಬೇಡವೆನಿಸಿ ಹಾಗೆಯೇ ಬಿಟ್ಟರು.

ಚಿನ್ನಸ್ವಾಮಿಯವರಿಗೆ ಹಾರ್ಮೋನಿಯಂ ಬರುತ್ತಿತ್ತು. ಶನಿವಾರದ ಭಜನೆಗೆ ನುಡಿಸುತ್ತಿದ್ದರು. ಡೋಲಕ್ಕಿನ ಪಾಪಯ್ಯ ಮಗಳ ಮನೆ ಸೇರಿದ ಮೇಲೆ ಭಜನೆಯಲ್ಲಿ ಹಾಡುವವರು ಆರು ಜನ, ಬಾರಿಸುವವರು ಯಾರೂ ಇಲ್ಲ ಎಂಬಂತಾಯಿತು. ತೊಂಬತ್ತೆಂಟರಲ್ಲಿ ಹೊಸಕೋಟೆಯ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಕಂಪ್ಯೂಟರ್ ಸೆಂಟರ್ ಆಗಿ, ವರ್ಷ ತುಂಬುವುದರೊಳಗೆ ಮತ್ತೆ ಟೈಪಿಂಗ್ ಇನ್‌ಸ್ಟಿಟ್ಯೂಟ್ ಆಯಿತು. ಅಲ್ಲಿ ಪಾಠ ಹೇಳುತ್ತಿದ್ದ ವಸಂತ್ ಎಂಬ ಯುವಕ ಕಂಪ್ಯೂಟರುಗಳನ್ನು ಬಂದ ಬೆಲೆಗೆ ಮಾರುತ್ತಿದ್ದ. ಅದರಲ್ಲಿ ಡೋಲಕ್ಕು, ಕೊಳಲು, ಪಿಟೀಲು ಎಲ್ಲ ನುಡಿಸಬಹುದು ಎಂದು ಯಾರೋ ಹೇಳಿದ್ದನ್ನು ಕೇಳಿ ಚಿನ್ನಸ್ವಾಮಿಯವರು ಒಂದನ್ನು ಟೆಂಪೋದಲ್ಲಿ ತಂದರು. ವಸಂತ್ ಜೊತೆಗೇ ಬಂದು ಜೋಡಿಸಿಕೊಟ್ಟ.

“ಇದರಲ್ಲಿ ಸಂಗೀತ ಎಲ್ಲಪ್ಪಾ?” ಎಂದರು ಚಿನ್ನಸ್ವಾಮಿ.

“ಅದಕ್ಕೆ ಸಾಫ್ಟ್‌ವೇರ್ ಬೇಕು ಸಾರ್. ಮೂರು ಥರ ಇದೆ. ಒಂದು ಒರಿಜಿನಲ್, ಡಬ್ಬಿ ಸಮೇತ. ನಿಮ್ಮ ಮೂರು ತಿಂಗಳ ಸಂಬಳ ಆಗುತ್ತೆ.”

“ಎರಡನೇದು?”

“ಅದೇ ಸಾರ್, ಸೇಮ್. ಆದ್ರೆ ಕಾಪಿ ಮಾಡಿದ್ದು. ನೂರು ರೂಪಾಯಿ. ಎಲ್ರೂ ಅದನ್ನೇ ಹಾಕ್ಕೊಳ್ಳೋದು, ಕಂಪನಿಯವ್ರಿಗೆ ಗೊತ್ತಾಗೋದೂ ಇಲ್ಲ.”

“ಅಂದ್ರೆ ಕೊಕ್ಕೆ.”

ವಸಂತನಿಗೆ ಅರ್ಥವಾಗಲಿಲ್ಲ. ಚಿನ್ನಸ್ವಾಮಿಯವರು ಹದಿನಾಲ್ಕು ವರ್ಷದ ಸರ್ವಿಸ್ಸನ್ನು ಅರ್ಧ ಗಂಟೆಯಲ್ಲಿ ವಿವರಿಸಿದರು. ಎಲ್ಲರೂ ಹಾಕುತ್ತಾರೆ, ಯಾರಿಗೂ ಗೊತ್ತಾಗುವುದಿಲ್ಲ ಎಂಬ ಎರಡು ಮಾತನ್ನು ತಾವು ಎಷ್ಟು ಹಿತ್ತಲುಗಳಲ್ಲಿ ಕೇಳಿದ್ದೇವೆ ಎಂಬುದನ್ನೂ ಹೇಳಿದರು. ವಸಂತ್ ಕಾಫಿ ಕುಡಿದು ಮುಗಿಸಿದ.

“ಹಂಗಾದ್ರೆ ಮೂರನೇದು ಡೆಮೋ ಸಾರ್. ಕಂಪ್ಯೂಟರ್ ಮ್ಯಾಗಜೀನ್ ಜೊತೆ ಫ್ರೀ ಸಿ.ಡಿ. ಬರುತ್ತೆ. ಕಂಪನಿಯವ್ರೇ ಕೊಟ್ಟಿರೋದು. ಎಲ್ಲಾ ವಾದ್ಯ ಇದೆ, ಎಲ್ಲಾ ಕೆಲ್ಸ ಮಾಡುತ್ತೆ. ಸೇವ್ ಆಗಲ್ಲ, ಅಷ್ಟೇ.”

“ಸೇವ್ ಅಂದ್ರೆ?”

“ನೀವು ಹಾಕಿದ್ದು ಉಳ್ಕೊಳಲ್ಲ. ಆಫ್ ಮಾಡಿದ್ರೆ ಹೋಯ್ತು.”

ಚಿನ್ನಸ್ವಾಮಿಯವರು ಮೂಲೆಯಲ್ಲಿದ್ದ ಹಾರ್ಮೋನಿಯಂ ಕಡೆ ನೋಡಿದರು. “ಅದರಲ್ಲೂ ಏನೂ ಉಳ್ಕೊಳಲ್ಲ ಕಣಪ್ಪ. ಮೂವತ್ತು ವರ್ಷದಿಂದ ನುಡಿಸ್ತಿಲ್ವಾ? ಇದನ್ನೇ ಹಾಕು.”

ಹೋಗುವಾಗ ವಸಂತ್, ಕರೆಂಟ್ ಹೋದರೂ ಕಂಪ್ಯೂಟರ್ ಓಡುವ ಹಾಗೆ ಒಂದು ಯು.ಪಿ.ಎಸ್. ತಗೊಳ್ಳಿ ಎಂದ. ಊರಿಗೆಲ್ಲ ಕರೆಂಟ್ ತೆಗೆಯುವವನ ಮನೆಯಲ್ಲಿ ಮಾತ್ರ ಕರೆಂಟಿದ್ದರೆ ಚೆನ್ನಾಗಿರುವುದಿಲ್ಲ ಎಂದು ಚಿನ್ನಸ್ವಾಮಿಯವರು ಅದನ್ನೂ ಬೇಡವೆಂದರು. ಹೀಗೆ ತಮ್ಮ ಮಟ್ಟಿಗೆ ಬಹಳ ಅಗ್ಗವಾಗಿ, ಯಾರದನ್ನೂ ಕದಿಯದೆ, ಸಂಗೀತಕ್ಕೆ ಬೇಕಾದದ್ದೆಲ್ಲವನ್ನೂ ಹೊಂದಿಸಿಕೊಂಡಂತಾಯಿತು.

ತೊಂದರೆ ಮೊದಲ ಶನಿವಾರವೇ ತಿಳಿಯಿತು. ಶನಿವಾರ ಅವರಿಗೆ ರಜೆ. ಸ್ಟೇಷನ್ನಿನಲ್ಲಿ ದೇವೇಂದ್ರ ಎಂಬ ಇನ್ನೊಬ್ಬ ಆಪರೇಟರ್ ಇರುತ್ತಿದ್ದ. ಎರಡು ಗಂಟೆಗೆ ಕರೆಂಟ್ ಬಂದ ಕೂಡಲೇ ಕೂತು ಮೌಸ್ ಹಿಡಿದು ಒಂದೊಂದೇ ಸ್ವರ ಚುಚ್ಚುತ್ತ ಹೋದರು. ಭಜನೆಯ ಒಂದು ಹಾಡಿನ ಪಲ್ಲವಿ ಮುಗಿದು ಚರಣಕ್ಕೆ ಕೈ ಹಾಕುವಾಗ ಪರದೆ ಕುಗ್ಗಿ ಒಂದು ಚುಕ್ಕಿಯಾಗಿ ಆರಿತು. ಚಿನ್ನಸ್ವಾಮಿಯವರು ಗಡಿಯಾರ ನೋಡಿದರು. ಸರಿಯಾಗಿ ಐದು.

“ಹುಡುಗ ಪರವಾಗಿಲ್ಲ, ಟೈಮಿಗೆ ತೆಗ್ದಿದ್ದಾನೆ,” ಎಂದರು.

ದೀಪ ಹಚ್ಚುವ ಹೊತ್ತಿಗೆ ಕರೆಂಟ್ ಮತ್ತೆ ಬರುತ್ತಿತ್ತು, ಆದರೆ ಆಗ ವೋಲ್ಟೇಜ್ ಇಲ್ಲದೆ ಕಂಪ್ಯೂಟರ್ ಕಣ್ಣೇ ಬಿಡುತ್ತಿರಲಿಲ್ಲ. ಇದ್ದದ್ದು ಆ ಮೂರು ಗಂಟೆಯೇ. ಸ್ವರಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡು, ಶನಿವಾರ ಶನಿವಾರ ಮೊದಲಿನಿಂದ ಹಾಕತೊಡಗಿದರು. ಐದು ವಾರವಾದರೂ ಹಾಡು ಮುಗಿಯಲಿಲ್ಲ. ಅಡುಗೆಮನೆಯಿಂದ ಅದೇ ಪಲ್ಲವಿಯನ್ನು ಐದು ವಾರ ಕೇಳಿದ ಮುನಿರತ್ನಮ್ಮ, ಈ ಹಾಡಿಗೆ ಕೊನೆ ಇದೆಯೋ ಇಲ್ಲವೋ ಎಂದು ಒಂದು ಸಲ ಕೇಳಿದರು.

ಆ ಮಾತನ್ನಾಡುವಾಗ ಅವರ ದನಿ ಒಡೆದಿತ್ತು. ಕುತ್ತಿಗೆಯಲ್ಲಿ ನಿಂಬೆಹಣ್ಣಿನಷ್ಟು ಗಂಟು ಎದ್ದಿತ್ತು. ಬೆಂಗಳೂರಿನ ಆಸ್ಪತ್ರೆಯಲ್ಲಿ ನೋಡಿದ ಡಾಕ್ಟರು, ಕೆಟ್ಟ ಗಂಟಲ್ಲ, ಆದರೆ ಥೈರಾಯ್ಡಿನದು, ತೆಗೆಯಲೇಬೇಕು ಎಂದರು. ಪಕ್ಕದಲ್ಲೇ ದನಿಯ ನರ ಇರುತ್ತದೆ, ಮಾತಿಗೇನೂ ತೊಂದರೆ ಆಗದಿರಬಹುದು, ದನಿ ಸ್ವಲ್ಪ ಬದಲಾಗಬಹುದು ಎಂದೂ ಸೇರಿಸಿದರು.

“ಹಾಡೋದಕ್ಕೆ ಸಾರ್?” ಎಂದು ಚಿನ್ನಸ್ವಾಮಿಯವರು ಕೇಳಿದರು.

ಡಾಕ್ಟರು ಮುನಿರತ್ನಮ್ಮನ ಕಡೆ ತಿರುಗಿದರು. “ಹಾಡ್ತೀರೇನಮ್ಮ ನೀವು?”

“ಇಲ್ಲ ಸಾರ್,” ಎಂದರು ಮುನಿರತ್ನಮ್ಮ. “ಮದ್ವೆ ಮನೆಗಳಲ್ಲಿ ಅಷ್ಟೇ.”

ಮೂರು ವಾರ ಕಳೆದು ಸೋಮವಾರ ಬಂದು ಸೇರಿಕೊಳ್ಳಬೇಕು ಎಂದಾಯಿತು. ಬಸ್ಸಿನಲ್ಲಿ ಹಿಂದಿರುಗುವಾಗ ಚಿನ್ನಸ್ವಾಮಿಯವರು ಲೆಕ್ಕ ಹಾಕಿದರು. ಮೂರು ಶನಿವಾರ ಇತ್ತು. ಭಜನೆಯ ಹಾಡನ್ನು ಅಲ್ಲಿಗೇ ಬಿಟ್ಟರು. ಬೈರಮ್ಮನ ಸೋಬಾನೆಗೆ ವಾದ್ಯ ಹೊಂದಿಸಿ, ಅದು ಕಂಪ್ಯೂಟರಿನಲ್ಲಿ ಉಸಿರಾಡುತ್ತಿರುವಾಗಲೇ ಹೆಂಡತಿಯಿಂದ ಹಾಡಿಸಿ, ಮನೆಯ ಟೇಪ್ ರೆಕಾರ್ಡರಿನಲ್ಲಿ ಹಿಡಿದುಬಿಡಬೇಕು. ಅದಾಗದಿದ್ದರೆ ಆ ಎಳೆತ ಎಲ್ಲೂ ಇರುವುದಿಲ್ಲ ಎಂಬ ಯೋಚನೆ ಹೊಸಕೋಟೆಯವರೆಗೂ ಅವರನ್ನು ಬಿಡಲಿಲ್ಲ.

ಮೊದಲ ಶನಿವಾರ ಕೊಳಲು, ಪಿಟೀಲು, ಡೋಲಕ್ಕು, ತಾಳ ಎಲ್ಲ ಹಾಕಲು ಹೊರಟು ಅರ್ಧಕ್ಕೆ ನಿಂತರು. ಎರಡನೆಯ ಶನಿವಾರ ಪಿಟೀಲನ್ನು ಕೈಬಿಟ್ಟರು. ಆಗಲೂ ಕೊನೆಯ ನುಡಿ ಉಳಿಯಿತು. ಭಾನುವಾರ ಡ್ಯೂಟಿ ಬದಲಾಗುವಾಗ ದೇವೇಂದ್ರನಿಗೆ ಇದನ್ನು ಹೇಳಿದರು. ವಾದ್ಯವನ್ನು ಅಷ್ಟಷ್ಟೇ ಕ್ಯಾಸೆಟ್ಟಿಗೆ ತುಂಬಿಕೊಂಡು, ಆಮೇಲೆ ಅದನ್ನು ಹಾಕಿ ಹಾಡಿಸಬಹುದಲ್ಲ ಎಂದು ದೇವೇಂದ್ರ ಕೇಳಿದ. ಅದೂ ಆಗಿತ್ತು. ಮನೆಯದರ ಜೊತೆಗೆ ಅಪ್ಪಯ್ಯಣ್ಣನ ಟೇಪ್ ರೆಕಾರ್ಡರನ್ನೂ ಸಾಲ ತಂದು ನೋಡಿದ್ದರು. ಅದರ ಬೆಲ್ಟು ಸಡಿಲವಾಗಿ ಕೊಳಲಿಗೆ ನೆಗಡಿ ಬಂದಂತಿತ್ತು.

“ಹಂಗಾದ್ರೆ ಮುಂದಿನ ಶನಿವಾರ ಒಂದರ್ಧ ಗಂಟೆ ಜಾಸ್ತಿ ಬಿಡ್ಲಾ ಅಣ್ಣ? ಯಾರ್ ಕೇಳ್ತಾರೆ?”

“ಐದಕ್ಕೆ ತೆಗಿ,” ಎಂದರು ಚಿನ್ನಸ್ವಾಮಿ.

ಮೂರನೆಯ ಶನಿವಾರ ತಾಳವೂ ಹೋಯಿತು. ಕೊಳಲು, ಡೋಲಕ್ಕು ಎರಡೇ. ಊಟ ಬಿಟ್ಟು ಕೂತಿದ್ದರು. ನಾಲ್ಕು ಐವತ್ತಕ್ಕೆ ಕೊನೆಯ ನುಡಿ ಮುಗಿಯಿತು. ಹಾಡು ಒಟ್ಟು ನಾಲ್ಕೂವರೆ ನಿಮಿಷ. ಮುನಿರತ್ನಮ್ಮ ಮನೆಯಲ್ಲಿರಲಿಲ್ಲ, ಡೈರಿಗೆ ಹಾಲು ಹಾಕಲು ಹೋಗಿದ್ದರು. ಖಾಲಿ ಕ್ಯಾನು ಹಿಡಿದು ಅವರು ಬಾಗಿಲಿಗೆ ಬರುವಾಗ ನಾಲ್ಕು ಐವತ್ತೆರಡು. ಚಿನ್ನಸ್ವಾಮಿಯವರು ಕ್ಯಾನು ಇಸಿದುಕೊಂಡು, ಅವರನ್ನು ಸ್ಪೀಕರಿನ ಮುಂದೆ ಕೂರಿಸಿ, ಟೇಪ್ ಒತ್ತಿ, ಹಾಡು ಶುರುಮಾಡಿದರು.

ಕೊಳಲು ಬಂತು. ಡೋಲಕ್ಕು ಬಂತು. ಮುನಿರತ್ನಮ್ಮ ಸೆರಗು ಹೊದ್ದು, ಕೈಕಟ್ಟಿ ಮರ್ಯಾದೆಯಿಂದ ಕೇಳುತ್ತ ಕೂತರು. ಚಿನ್ನಸ್ವಾಮಿಯವರು ಕಣ್ಣಿನಲ್ಲೂ ಕೈಯಲ್ಲೂ ಸನ್ನೆ ಮಾಡಿದರು. ಮುನಿರತ್ನಮ್ಮ ತಲೆಯಾಡಿಸಿದರು. ಹಾಡು ಪೂರ್ತಿ ಮುಗಿಯಿತು.

“ಯಾಕೆ ಹಾಡ್ಲಿಲ್ಲ?”

“ಅದು ಮುಗಿಸ್ಲಿ ಅಂತ ಕಾದೆ. ಒಬ್ರು ನುಡಿಸ್ತಾ ಇರುವಾಗ ಮಧ್ಯೆ ಬಾಯಿ ಹಾಕೋದಾ?”

ಭಜನೆಯಲ್ಲಿ ಹಾಡುವವರಾಗಿದ್ದರೆ ಗೊತ್ತಾಗುತ್ತಿತ್ತು. ಸೋಬಾನೆಗೆ ಯಾವತ್ತೂ ವಾದ್ಯವಿರುವುದಿಲ್ಲ. ವಾದ್ಯವೂ ಹಾಡೂ ಒಟ್ಟಿಗೆ ಹೋಗಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ, ಚಿನ್ನಸ್ವಾಮಿಯವರೂ ಹೇಳಿರಲಿಲ್ಲ. ಗಂಟೆ ನಾಲ್ಕು ಐವತ್ತೇಳು.

ಚಿನ್ನಸ್ವಾಮಿಯವರು ಅರ್ಧ ನಿಮಿಷ ಪರದೆ ನೋಡುತ್ತ ನಿಂತರು. ಆಮೇಲೆ ಮುರಿದ ಮೊಣಕಾಲನ್ನು ಎಳೆದುಕೊಂಡು ಪಕ್ಕದ ಮನೆಗೆ ಓಡಿದರು. ಅಪ್ಪಯ್ಯಣ್ಣ ತೋಟದಲ್ಲಿದ್ದ. ಅವನ ಹೆಂಡತಿ ಗಂಗಲಕ್ಷ್ಮಮ್ಮ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ಚಿನ್ನಸ್ವಾಮಿಯವರು ಕೇಳದೆಯೇ ಒಳಗೆ ನುಗ್ಗಿ ಫೋನ್ ಎತ್ತಿದರು.

“ದೇವೇಂದ್ರ, ನಾನು. ಇನ್ನೊಂದ್ ಹತ್ತು ನಿಮಿಷ ಬಿಡು.”

“ಯಾರು ಮಾತಾಡೋದು?”

“ನಾನೇ ಕಣೋ, ಚಿನ್ನಸ್ವಾಮಿ.”

“ಸ್ವಾಮಣ್ಣ ಹಂಗೆಲ್ಲ ಕೇಳೋರಲ್ಲ. ಅವ್ರ ಹೆಸ್ರು ಹೇಳ್ಕೊಂಡು ಫೋನ್ ಮಾಡ್ತೀರಲ್ಲ, ನಾಚ್ಕೆ ಆಗಲ್ವಾ? ಫೋನ್ ಇಡ್ರೀ.”

“ಲೋ, ಇಡ್ಬೇಡ! ನಿನ್ನ ಟಿಫನ್ ಬಾಕ್ಸು ಈಗ ಬ್ಯಾಟರಿ ರೂಮಲ್ಲಿದೆ. ಆಸಿಡ್ ಇರೋ ಕಡೆ ಅನ್ನ ಇಡ್ಬೇಡ ಅಂತ ಎಷ್ಟು ಸಲ ಬಡ್ಕೊಂಡಿದ್ದೀನಿ ನಿಂಗೆ?”

ಆ ಕಡೆಯ ದನಿ ಮೆತ್ತಗಾಯಿತು.

“ಹೇಳಿ ಅಣ್ಣ,” ಎಂದ ದೇವೇಂದ್ರ.

ಐದು ಗಂಟೆಯಾಯಿತು. ಚಿನ್ನಸ್ವಾಮಿಯವರ ಮನೆಯ ಪರದೆ ಬೆಳಗುತ್ತಲೇ ಇತ್ತು. ಅದನ್ನು ನೋಡಲು ಅವರಿಗೆ ನಾಚಿಕೆಯಾಯಿತು. ಆದರೂ ಹಾಡು ಶುರುಮಾಡಿದರು. ಮುನಿರತ್ನಮ್ಮ ಈ ಸಲ ಮೊದಲ ಸಾಲಿಗೇ ಬಾಯಿ ತೆರೆದರು. ದನಿ ಅಲ್ಲಲ್ಲಿ ಒಡೆಯಿತು. ನಾಲ್ಕನೆಯ ಸಾಲಿನಲ್ಲಿ ಮೇಲಕ್ಕೆ ಹೋಗಿ ಅಲ್ಲಿ ತಮಗೆ ಬೇಕಾದಷ್ಟು ಹೊತ್ತು ನಿಂತರು. ಕಂಪ್ಯೂಟರ್ ಯಾರಿಗೂ ಕಾಯದೆ ಮುಂದೆ ಹೋಯಿತು. ಅವರು ಇಳಿದು ಬಂದು ಮುಂದಿನ ತಿರುವಿನಲ್ಲಿ ಅದನ್ನು ಹಿಡಿದರು. ಐದು ನುಡಿಯಲ್ಲೂ ಹೀಗೇ ಬಿಟ್ಟರು, ಹೀಗೇ ಹಿಡಿದರು. ಮುಗಿದಾಗ ಐದು ಗಂಟೆ ಆರು ನಿಮಿಷ.

ಚಿನ್ನಸ್ವಾಮಿಯವರು ಟೇಪ್ ನಿಲ್ಲಿಸಿ, ಮತ್ತೆ ಪಕ್ಕದ ಮನೆಗೆ ಹೋಗಿ ಫೋನ್ ಮಾಡಿದರು. “ಸಾಕು, ತೆಗಿ.”

“ಇನ್ನೂ ಎರಡು ನಿಮಿಷ ಇದೆಯಲ್ಲಣ್ಣ.”

“ಬೇಡ, ತೆಗಿ.”

ಐದು ಎಂಟಕ್ಕೆ ಹೋಯಿತು. ಗಂಗಲಕ್ಷ್ಮಮ್ಮ ಎಲ್ಲವನ್ನೂ ಕೇಳಿಸಿಕೊಂಡು ಅವರೆಕಾಯಿ ಬಿಡಿಸುತ್ತಿದ್ದಳು.

ಮರುದಿನ ಬೆಳಿಗ್ಗೆ ಡ್ಯೂಟಿಗೆ ಹೊರಟ ಚಿನ್ನಸ್ವಾಮಿಯವರ ಎದುರಿಗೆ ಅಪ್ಪಯ್ಯಣ್ಣ ಒಂದು ಕಟ್ಟು ದಂಟಿನ ಸೊಪ್ಪು ಹಿಡಿದು ನಿಂತಿದ್ದ. ಮುಖ ಅರಳಿತ್ತು. “ಎಂಟು ನಿಮಿಷ ಕಣಪ್ಪಾ! ಎರಡು ಸಾಲೂ ನೆಂದೋಯ್ತು. ಒಂಬತ್ತು ವರ್ಷ ಆದ್ಮೇಲಾದ್ರೂ ಬಿಟ್ಯಲ್ಲ, ಅಷ್ಟು ಸಾಕು.”

“ಅದು ನಿಂಗೆ ಬಿಟ್ಟಿದ್ದಲ್ಲ ಅಪ್ಪಯ್ಯಣ್ಣ. ನಂಗೆ ಬಿಟ್ಕೊಂಡಿದ್ದು.”

“ಗಂಗ ಹೇಳಿದ್ಳು. ನೀರಿಗೆ ಅದೇನು ಗೊತ್ತು? ತಗೋ ಸೊಪ್ಪು.”

ಸೊಪ್ಪು ತೆಗೆದುಕೊಳ್ಳುವಾಗ ಚಿನ್ನಸ್ವಾಮಿಯವರ ಕಣ್ಣು ನೆಲದಲ್ಲಿತ್ತು. ಒಂಬತ್ತು ವರ್ಷ ಈ ಮನುಷ್ಯ ಕೇಳಿದ್ದು ಐದೇ ನಿಮಿಷ. ಸ್ಟೇಷನ್ನಿಗೆ ಹೋಗಿ ಲಾಗ್ ಶೀಟ್ ತೆಗೆದರು. ದೇವೇಂದ್ರ 17.00 ಎಂದು ದುಂಡಗೆ ಬರೆದಿದ್ದ. ಅದನ್ನು ಹೊಡೆದುಹಾಕಿ 17.08 ಎಂದು ಬರೆದರು. ಕಾರಣದ ಜಾಗದಲ್ಲಿ ‘ಆಪರೇಟರ್ ಚಿನ್ನಸ್ವಾಮಿ ಹೇಳಿದ್ದರಿಂದ, ಅವರ ಸ್ವಂತ ಕೆಲಸಕ್ಕೆ’ ಎಂದು ಬರೆದು ಸಹಿ ಹಾಕಿದರು. ಮೇಲಿನ ಎಂಜಿನಿಯರು ಕರೆಸಿ, ಯಾರೂ ಕಂಪ್ಲೇಂಟ್ ಕೊಟ್ಟಿಲ್ವಲ್ರೀ ಎಂದು ಕೇಳಿದ್ದಕ್ಕೆ, ನಾನು ಕೊಟ್ಟಿದ್ದೀನಲ್ಲ ಸಾರ್ ಎಂದರು. ಬೇರೆ ದಾರಿಯಿಲ್ಲದೆ ಎಂಜಿನಿಯರು ಒಂದು ಎಚ್ಚರಿಕೆಯ ಪತ್ರ ಕೊಟ್ಟರು. ಇಪ್ಪತ್ತಮೂರು ವರ್ಷದ ಸರ್ವಿಸ್ಸಿನಲ್ಲಿ ಅದೊಂದೇ.

ಆಪರೇಷನ್ ಚೆನ್ನಾಗಿ ಆಯಿತು. ಮಾತು ಹದಿನೈದು ದಿನಕ್ಕೆ ಬಂತು. ನಾಲ್ಕನೆಯ ತಿಂಗಳು ಊರಿನಲ್ಲೊಂದು ಮದುವೆಯಲ್ಲಿ ಮುನಿರತ್ನಮ್ಮ ಸೋಬಾನೆಗೆ ಕೂತರು. ಎಳೆತ ಬಂದ ಕಡೆ ದನಿ ಏಳಲಿಲ್ಲ. ಪಕ್ಕದವರು ಎತ್ತಿಕೊಂಡು ಹಾಡಿದರು. ಮನೆಗೆ ಬಂದು ಮುನಿರತ್ನಮ್ಮ ಹಸುವಿಗೆ ಹುಲ್ಲು ಹಾಕಿ, ಕೈ ತೊಳೆದು, ಆ ಕ್ಯಾಸೆಟ್ ಹಾಕಿ ಎಂದರು. ಪೂರ್ತಿ ಕೇಳಿದರು.

“ಇದನ್ನ ಒಳಗೆ ಎತ್ತಿಡಿ. ಇವಳು ಬೇರೆ, ನಾನು ಬೇರೆ.” ಅಷ್ಟು ಹೇಳಿ ಅತ್ತುಬಿಟ್ಟರು.

ಚಿನ್ನಸ್ವಾಮಿಯವರಿಗೆ ಸಮಾಧಾನ ಹೇಳಿ ಅಭ್ಯಾಸವಿರಲಿಲ್ಲ. “ಅನುಗೊಂಡನಹಳ್ಳೀಲಿ ನೀನು ಹಾಡಿದ್ದು ಬಹಳ ಚೆನ್ನಾಗಿತ್ತು ರತ್ನ,” ಎಂದರು.

ಮುನಿರತ್ನಮ್ಮ ಮುಖ ಒರೆಸಿಕೊಂಡರು. “ಇದನ್ನ ಹೇಳಕ್ಕೆ ಇಷ್ಟು ವರ್ಷ ಬೇಕಾಯ್ತಾ?”

“ನೀನು ಮಾತಾಡ್ತಿರ್ಲಿಲ್ವಲ್ಲ.”

ಆ ಶನಿವಾರ ಎರಡು ಗಂಟೆಗೆ ಚಿನ್ನಸ್ವಾಮಿಯವರು ನೋಟ್‌ಬುಕ್ ತೆರೆದು, ಸೋಬಾನೆಯ ಎಲ್ಲ ಸ್ವರಗಳನ್ನೂ ಹೆಂಡತಿಯ ಈಗಿನ ದನಿಗೆ ತಕ್ಕಂತೆ ಹಾರ್ಮೋನಿಯಂನ ಲೆಕ್ಕದಲ್ಲಿ ಮೂರು ಮನೆ ಕೆಳಗಿಳಿಸಿ ಹೊಸದಾಗಿ ಹಾಕತೊಡಗಿದರು. ಹೇಗಿದ್ದರೂ ಮೊದಲಿನಿಂದಲೇ ಹಾಕಬೇಕಿತ್ತು. ಮಧ್ಯೆ ವಸಂತ್ ಬಂದ. ಒರಿಜಿನಲ್ ಸಾಫ್ಟ್‌ವೇರಿನ ಬೆಲೆ ಅರ್ಧಕ್ಕಿಳಿದಿದೆಯೆಂದೂ, ಕಂತಿನಲ್ಲೂ ಕೊಡುತ್ತಾರೆಂದೂ ಹೇಳಿದ.

“ಸೇವ್ ಆಗುತ್ತೆ ಸಾರ್. ಒಂದ್ಸಲ ಹಾಕಿದ್ರೆ ಆಯ್ತು.”

“ಬೇಡ ಕಣಪ್ಪ. ಆಪರೇಷನ್ ಆದ್ಮೇಲೆ ಅವಳ ದನಿ ಒಂದ್ ವಾರ ಹತ್ತಿದ ಕಡೆ ಇನ್ನೊಂದ್ ವಾರ ಹತ್ತಲ್ಲ. ಹತ್ತದ ಕಡೆ ಹತ್ತುತ್ತೆ. ಉಳಿಸಿಟ್ಕೊಂಡು ಏನ್ ಮಾಡ್ಲಿ?”

ನಾಲ್ಕೂವರೆಗೆ ಮುನಿರತ್ನಮ್ಮ ಡೈರಿಯಿಂದ ಬೇಗ ಬಂದು ಕೂತರು. ಹಾಡು ಶುರುವಾಯಿತು. ನಾಲ್ಕನೆಯ ಸಾಲಿನಲ್ಲಿ ಎಳೆತ ಇರಬೇಕಾದ ಕಡೆ ಕೊಳಲೊಂದೇ ಮೇಲಕ್ಕೆ ಹೋಗಿ ಅಲ್ಲಿ ನಿಂತಿತು. ಅಷ್ಟನ್ನು ಹಾಕಲು ಚಿನ್ನಸ್ವಾಮಿಯವರಿಗೆ ಒಂದು ಗಂಟೆ ಹಿಡಿದಿತ್ತು. ಮುನಿರತ್ನಮ್ಮ ಕೈಯೆತ್ತಿ ನಿಲ್ಲಿಸಿದರು.

“ಆ ಕೊಳಲು ತೆಗೀರಿ. ನಾನೇ ಹೋಗ್ತೀನಿ, ಎಷ್ಟು ದೂರ ಆಗುತ್ತೋ ಅಷ್ಟು.”

ಚಿನ್ನಸ್ವಾಮಿಯವರು ಕೊಳಲು ಅಳಿಸಿದರು. ಆ ಜಾಗ ಬರಿದಾಯಿತು. ಮುನಿರತ್ನಮ್ಮ ಎರಡು ಸಲ ಹಾಡಿದರು. ಎರಡು ಸಲವೂ ದನಿ ಅರ್ಧ ಮೆಟ್ಟಿಲು ಹತ್ತಿ, ಅಲ್ಲೇ ಸ್ವಲ್ಪ ನಿಂತು, ಇಳಿಯಿತು. ಎರಡನೆಯ ಸಲ ಒಂದಿಷ್ಟು ಹೆಚ್ಚು ನಿಂತಿತು. ಟೇಪ್ ರೆಕಾರ್ಡರ್ ಬೀರುವಿನಲ್ಲಿತ್ತು, ಅದನ್ನು ಯಾರೂ ಹೊರಗೆ ತೆಗೆದಿರಲಿಲ್ಲ. ಐದು ಗಂಟೆಗೆ ಸರಿಯಾಗಿ ಪರದೆ ಕುಗ್ಗಿ ಚುಕ್ಕಿಯಾಯಿತು.

“ಈಗ ಹಾಡಿದ್ದು ಯಾವ್ದೂ ಉಳ್ಕೊಂಡಿಲ್ಲ ತಾನೆ?” ಎಂದು ಮುನಿರತ್ನಮ್ಮ ಕೇಳಿದರು.

“ಇಲ್ಲ.”

“ಒಳ್ಳೇದಾಯ್ತು. ಮುಂದಿನ ಶನಿವಾರ ಇದಕ್ಕಿಂತ ಚೆನ್ನಾಗಿ ಹಾಡ್ತೀನಿ.”